ಸದ್ದು ಬಂದ ಕೋಣೆಗೆ ಬೀಗ ಹಾಕಬೇಡಿ

ಗೋವಾದಲ್ಲಿ ಪೋರ್ತುಗೀಸರ ಕಾಲದ ಮನೆ ಕೊಂಡವರು, ಲೀಸಿಗೆ ಹಿಡಿದವರು, ಕಾಯಲು ಒಪ್ಪಿಕೊಂಡವರು ಎಲ್ಲರೂ ಮೊದಲ ಮಳೆಗಾಲದಲ್ಲೇ ಒಂದು ತಪ್ಪು ಮಾಡುತ್ತಾರೆ. ರಾತ್ರಿ ಮೇಲಿನ ಕೋಣೆಯಲ್ಲಿ ಯಾರೋ ನಡೆದಾಡಿದ ಸದ್ದು ಕೇಳುತ್ತದೆ. ಹೆದರಿದವರ ಮೇಲೆ ಹಾವು ಎಸೆದಂತೆ ಮರುದಿನ ಪಕ್ಕದ ಮನೆಯವರು ಬಂದು, ಹಳೇ ಯಜಮಾನರು ತೀರಿಕೊಂಡದ್ದು ಆ ಕೋಣೆಯಲ್ಲೇ ಅನ್ನುತ್ತಾರೆ. ಮೂರನೇ ದಿನ ಕಿಟಕಿ ಜಡಿದು, ಬಾಗಿಲಿಗೆ ಬೀಗ ಹಾಕಿ, ಮೇಲೊಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಕೆಳಗೆ ಬಂದು ಮಲಗುತ್ತಾರೆ. ನಿಂಬೆಹಣ್ಣು ಇರಲಿ ಬಿಡಿ. ಆ ಬೀಗ ಮಾತ್ರ ತೆಗೆಯಿರಿ.

ಮಡಗಾಂವ್, ವಾಸ್ಕೋ, ಮಾಪುಸಾ ಸುತ್ತ ನಮ್ಮವರು ಬಹಳ ಇದ್ದಾರೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಗೌಂಡಿಗಳು, ಬಣ್ಣ ಹೊಡೆಯುವವರು, ದೊಡ್ಡ ಮನೆಗಳ ಹಿತ್ತಿಲ ಕೋಣೆಯಲ್ಲಿ ಸಂಸಾರ ಹೂಡಿ ಕಾವಲಿಗಿರುವ ಗಂಡ ಹೆಂಡತಿಯರು. ಈಚೆಗೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ಬಂದು ಹೋಮ್‌ಸ್ಟೇ ಮಾಡಲು ಹಳೇ ಮನೆ ಹಿಡಿಯುವವರೂ ಇದ್ದಾರೆ. ಇವರಿಗೆಲ್ಲ ಈ ಮನೆಗಳ ಮೈ ಹೊಸದು. ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವರಿಗೆ ಹಲಗೆ ಹಾಸಿದ ಮಹಡಿಯ ಸದ್ದು ಗೊತ್ತಿಲ್ಲ. ಕಾಂಕ್ರೀಟ್ ಫ್ಲಾಟಿನಿಂದ ಬಂದವರಿಗೆ ಗೋಡೆ ನೀರು ಕುಡಿದು ನೀರು ಬಿಡುವುದು ಗೊತ್ತಿಲ್ಲ. ಹೆದರಿದ್ದು ತಪ್ಪಲ್ಲ. ಹೆದರಿ ಬೀಗ ಹಾಕಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ನಿಧಾನವಾಗಿ ಹೇಳಬೇಕು. ಎಷ್ಟು ಸಲ ಹೇಳಿದರೂ ಇದೊಂದು ವಿಷಯ ಜನರ ತಲೆಯಲ್ಲಿ ನಿಲ್ಲುವುದಿಲ್ಲ.

ಈ ಮನೆಗಳ ಗೋಡೆ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಅಡಿ ದಪ್ಪ. ಚಿರೆಕಲ್ಲು ಎಂಬ ಕೆಂಪು ಕಲ್ಲು, ನಡುವೆ ಮಣ್ಣಿನ ಗಾರೆ, ಮೇಲೆ ಸುಣ್ಣದ ಗಿಲಾವು. ಮಹಡಿಯ ನೆಲವನ್ನು ಹೊತ್ತಿರುವುದು ಸಾಗುವಾನಿಯ ಅಥವಾ ಮತ್ತಿಯ ಜಂತಿಗಳು. ಒಂದೊಂದು ಜಂತಿಯ ತುದಿಯೂ ಗೋಡೆಯೊಳಗೆ ಸುಮಾರು ಒಂದು ಗೇಣು ಹೊಕ್ಕು ಕೂತಿರುತ್ತದೆ. ಮನೆಯ ಜೀವ ಇರುವುದು ಕಣ್ಣಿಗೆ ಕಾಣದ ಆ ಒಂದು ಗೇಣಿನಲ್ಲಿ. ಮರ ತನ್ನ ಮೈಯಿಂದ ನೀರು ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಬೇಗ ಕೊಯ್ದ ತುದಿಯಿಂದ ಎಳೆಯುತ್ತದೆ. ಒಳಗಡೆ ಗಾಳಿ ಓಡಾಡುತ್ತಿದ್ದರೆ ಗೋಡೆಯ ಒಳಮೈ ಒಣಗುತ್ತದೆ, ಅದರ ಜೊತೆ ಜಂತಿಯ ತುದಿಯೂ ಒಣಗುತ್ತದೆ. ನೂರು, ನೂರೈವತ್ತು ವರ್ಷ ಇವು ನಿಂತಿರುವುದು ಹೀಗೆಯೇ.

ಈಗ ಬೀಗ ಹಾಕಿದಿರಿ. ಗೋವಾದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಗಾಳಿಯಿಲ್ಲದ ಕೋಣೆಯಲ್ಲಿ ಮರದ ತೇವ ಶೇಕಡಾ 20 ದಾಟಿದರೆ ಬೂಷ್ಟು ಹಿಡಿಯಲು ಶುರು. ಅದೇ ಸಮಯಕ್ಕೆ ಮೇಲೆ ಒಂದು ಹೆಂಚು ಜರುಗಿರುತ್ತದೆ. ಕೋಣೆ ತೆರೆದಿದ್ದರೆ ನೆಲದ ಮೇಲಿನ ಹನಿ ನೋಡಿ ಯಾರಾದರೂ ಬಕೆಟ್ ಇಡುತ್ತಿದ್ದರು, ಮರುದಿನ ಹೆಂಚು ಸರಿಪಡಿಸುತ್ತಿದ್ದರು. ಬೀಗ ಹಾಕಿದ ಕೋಣೆಯಲ್ಲಿ ಆ ನೀರು ಹೆಂಚು ಹೊತ್ತ ಪಕಾಸಿನ ಮೇಲೆ ಹರಿದು, ಗೋಡೆಯ ತಲೆಗೆ ಇಳಿದು, ಮಣ್ಣಿನ ಗಾರೆಯೊಳಗೆ ಜಿನುಗಿ, ನೇರ ಜಂತಿಯ ಗೂಡಿಗೆ ಹೋಗಿ ನಿಲ್ಲುತ್ತದೆ. ಮೊದಲ ವರ್ಷ ಕಲೆ. ಎರಡನೇ ವರ್ಷ ಮುಗ್ಗಲು ವಾಸನೆ. ಆಮೇಲೆ ಗೆದ್ದಲು. ಮಣ್ಣಿನ ಗಾರೆಯ ಗೋಡೆಯಲ್ಲಿ ನೆಲದಿಂದ ಮಹಡಿಯವರೆಗೆ ಗೆದ್ದಲಿಗೆ ಅಡ್ಡಿ ಮಾಡುವ ವಸ್ತು ಒಂದೂ ಇಲ್ಲ.

ಇಂಥ ಜಂತಿಯನ್ನು ಹತ್ತಿರದಿಂದ ನೋಡಿ. ನಡುಭಾಗ ಕಬ್ಬಿಣದಂತೆ ಇರುತ್ತದೆ, ಸುತ್ತಿಗೆಯಿಂದ ಬಡಿದರೆ ಟಣ್ ಅನ್ನುತ್ತದೆ. ಗೋಡೆಯ ಕಡೆಗೆ ಬರುತ್ತಾ ಸದ್ದು ಬದಲಾಗಿ, ಕೊನೆಯ ಗೇಣಿನಲ್ಲಿ ಬದ್ ಅನ್ನುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ನೆನೆದ ಬೆಲ್ಲದ ಅಚ್ಚಿಗೆ ಒತ್ತಿದಂತೆ ಒಳಗೆ ಹೋಗುತ್ತದೆ. ಹೊರಗೆ ತೆಳ್ಳಗಿನ ಸಿಪ್ಪೆ ಮಾತ್ರ ಉಳಿದಿರುವುದರಿಂದ ಬರಿಗಣ್ಣಿಗೆ ಏನೂ ತಿಳಿಯುವುದಿಲ್ಲ. ತುದಿ ಕೊಳೆತ ಜಂತಿ ಕೆಲವು ಮಿಲಿಮೀಟರ್ ಕುಸಿಯುತ್ತದೆ. ಜಂತಿ ಕುಸಿದರೆ ಮೇಲಿನ ಹಲಗೆಗಳು ಒಂದಕ್ಕೊಂದು ಉಜ್ಜುತ್ತವೆ, ಮೊಳೆ ಸಡಿಲವಾಗುತ್ತದೆ, ಸದ್ದು ಮೊದಲಿಗಿಂತ ಜೋರಾಗುತ್ತದೆ. ಕೆಳಗೆ ಮಲಗಿದವರು ಅದು ಬಲಿಯುತ್ತಿದೆ ಅಂದುಕೊಂಡು ಪಕ್ಕದ ಕೋಣೆಗೂ ಬೀಗ ಹಾಕುತ್ತಾರೆ. ಮೂರು ನಾಲ್ಕು ಮಳೆಗಾಲದಲ್ಲಿ ಇಡೀ ಮಹಡಿ ಹೋಗುತ್ತದೆ. ಹೆದರಿಸಿದ ಸದ್ದನ್ನು ಹೀಗೆ ಬೀಗವೇ ಸಾಕಿ ಬೆಳೆಸುತ್ತದೆ. ಈ ಲೇಖನದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ತುದಿ ಮಾತ್ರ ಹೋಗಿದ್ದರೆ ಇಡೀ ಜಂತಿ ಬದಲಿಸಬೇಕಾಗಿಲ್ಲ. ಕೆಳಗೆ ಜ್ಯಾಕ್ ಕೊಟ್ಟು ಎತ್ತಿ ಹಿಡಿದು, ಗಟ್ಟಿ ಮರ ಸಿಗುವವರೆಗೆ ಕೊಯ್ದು, ಅದೇ ಜಾತಿಯ ಒಣಗಿದ ಮರವನ್ನು ಓರೆಯಾಗಿ ಜೋಡಿಸಿ ಬೋಲ್ಟ್ ಹಾಕಬಹುದು. ಎಷ್ಟು ಬೋಲ್ಟ್, ಎಷ್ಟು ಉದ್ದದ ಜೋಡಣೆ ಎಂಬುದನ್ನು ಸ್ಥಳ ನೋಡಿದ ಎಂಜಿನಿಯರ್ ಹೇಳಬೇಕು. ಹೊಸ ತುದಿಯನ್ನು ಗೂಡಿಗೆ ಕೂರಿಸುವಾಗ ಎರಡು ಬದಿ ಮತ್ತು ಮೇಲ್ಗಡೆ ಬೆರಳ ದಪ್ಪ ಜಾಗ ಖಾಲಿ ಬಿಡಿಸಿ. ಗೌಂಡಿ ಒಳ್ಳೆಯ ಮನಸ್ಸಿನಿಂದಲೇ ಆ ಸಂದಿಗೆ ಸಿಮೆಂಟ್ ತುಂಬಲು ಹೋಗುತ್ತಾನೆ. ತುಂಬಿದರೆ ಐದಾರು ವರ್ಷದಲ್ಲಿ ಅದೇ ಕೆಲಸ ಮತ್ತೆ ಬರುತ್ತದೆ.

ತಡೆಯುವುದಕ್ಕೆ ಆಗುವ ಖರ್ಚು ಬಹಳ ಕಡಿಮೆ. ಎದುರುಬದುರಿನ ಎರಡು ಕಿಟಕಿಗೆ ಜಾಲರಿ ಹೊಡೆದು, ಮಳೆ ನಿಂತ ಹಗಲು ಹೊತ್ತಿನಲ್ಲಿ ತೆರೆದಿಡಿ. ಕಪಾಟು, ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ವಾರಕ್ಕೊಮ್ಮೆ ಮಧ್ಯಾಹ್ನ ಮೇಲೆ ಹೋಗಿ, ಬಾಗಿಲು ಕಿಟಕಿ ಮುಚ್ಚಿಕೊಂಡು ಐದು ನಿಮಿಷ ಕತ್ತಲಲ್ಲಿ ನಿಂತು ಸೂರು ನೋಡಿ. ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ಹೆಂಚು ಒಡೆದಿದೆ ಅಥವಾ ಜರುಗಿದೆ. ಬಹಳ ಮನೆಗಳ ಮೇಲಿರುವುದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅದು ಈ ಕರಾವಳಿಯುದ್ದಕ್ಕೂ ಹರಡಿತು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ನೂರು ಚದರ ಮೀಟರಿನ ಸೂರಿಗೆ 1500 ಹಿಡಿದರೆ, ಇನ್ನೊಂದು 75ರಿಂದ 100 ಹೆಂಚು ಹಿತ್ತಿಲಲ್ಲಿ ಒಟ್ಟಿಟ್ಟುಕೊಳ್ಳಿ. ಏಪ್ರಿಲ್, ಮೇ ಕಳೆದ ಮೇಲೆ ಸೂರು ಹತ್ತುವವರು ಸಿಗುವುದಿಲ್ಲ.

ಇಷ್ಟೊಂದು ದೊಡ್ಡ ಮನೆಗಳು ಬೀಗ ಬಿದ್ದೇ ಇರುವುದಕ್ಕೆ ದೆವ್ವಕ್ಕಿಂತ ದೊಡ್ಡ ಕಾರಣ ಕಾಗದದಲ್ಲಿದೆ. ಗೋವಾದ ಆಸ್ತಿ ಹಂಚಿಕೆ 1867ರ ಪೋರ್ತುಗೀಸ್ ಸಿವಿಲ್ ಕೋಡ್‌ನ ಹಾದಿಯಲ್ಲಿ ನಡೆದುಬಂದದ್ದು. ಗಂಡು ಹೆಣ್ಣೆನ್ನದೆ ಮಕ್ಕಳೆಲ್ಲರಿಗೂ ಪಾಲು, ಸಾಮಾನ್ಯವಾಗಿ ಗಂಡ ಹೆಂಡತಿಗೆ ಆಸ್ತಿಯಲ್ಲಿ ಸಮ ಹಕ್ಕು. ಹೆಣ್ಣುಮಕ್ಕಳಿಗೆ ಅದು ಕೊಟ್ಟ ನ್ಯಾಯ ದೊಡ್ಡದು. ಆದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಒಂದು ಮನೆಗೆ ಇಪ್ಪತ್ತು ಮೂವತ್ತು ಪಾಲುದಾರರಾಗುತ್ತಾರೆ. ಒಬ್ಬರು ಲಿಸ್ಬನ್ನಿನಲ್ಲಿ, ಒಬ್ಬರು ಕೆನಡಾದಲ್ಲಿ, ಒಬ್ಬರು ಬಾಂದ್ರಾದಲ್ಲಿ. ಈಗ 2012ರ ಗೋವಾ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಡೆಯುವ ಇನ್ವೆಂಟರಿ ಪ್ರಕ್ರಿಯೆ, ಅಂದರೆ ತೀರಿಕೊಂಡವರ ಆಸ್ತಿ ಪಟ್ಟಿ ಮಾಡಿ ವಾರಸುದಾರರಿಗೆ ಹಂಚುವ ಕೆಲಸ, ಮುಗಿಯದೆ ಪಾಲು ಬೇರೆಯಾಗುವುದು ಕಷ್ಟ. ಅಲ್ಲಿಯವರೆಗೆ ಸೂರಿನ ಖರ್ಚು ಯಾರದು ಎಂಬ ಮಾತು ಬಗೆಹರಿಯುವುದಿಲ್ಲ. ಅಣ್ಣ ತಮ್ಮಂದಿರ ಜಗಳ, ಕೊಲೆ, ಶಾಪ ಅಂತ ಊರಲ್ಲಿ ಹೇಳುವ ಕಥೆ ಕೇಳಿದಾಗ ಮೊದಲು ಕೇಳಬೇಕಾದದ್ದು ಪಾಲುದಾರರು ಎಷ್ಟು ಜನ ಎಂದು. ಮನೆ ಕೊಳ್ಳುವವರಂತೂ ದೆವ್ವದ ವಿಚಾರಣೆಗೆ ಮುಂಚೆ ಎಲ್ಲರ ಹಾಗೂ ಅವರ ಗಂಡಂದಿರ, ಹೆಂಡತಿಯರ ಸಹಿ ಇದೆಯೇ ಎಂದು ವಕೀಲರಿಂದ ನೋಡಿಸಿಕೊಳ್ಳಿ.

ಕಥೆ ಹುಟ್ಟಲು ಒಂದು ಹೆಸರೂ ಸಾಕು. ಕನ್ಸಾವ್ಲಿ ಹತ್ತಿರ ಕುವೆಲಿಂ ಗುಡ್ಡದ ಮೇಲೆ ರೆಮೆದಿಯೋಸ್ ಮಾತೆಯ ಚಾಪೆಲ್ ಇದೆ. ಜನ ಅದನ್ನು ಮೂರು ರಾಜರ ಚಾಪೆಲ್ ಅನ್ನುತ್ತಾರೆ. ಮೂವರು ಪೋರ್ತುಗೀಸ್ ರಾಜರು ಅಧಿಕಾರಕ್ಕಾಗಿ ಅಲ್ಲಿ ವಿಷವಿಟ್ಟು ಸತ್ತರು, ಅವರ ಆತ್ಮ ಅಲ್ಲೇ ತಿರುಗುತ್ತದೆ ಎಂಬ ಕಥೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಆ ಮೂರು ರಾಜರು ಬಾಲಯೇಸುವನ್ನು ನೋಡಲು ಮೂಡಣದಿಂದ ಬಂದ ಜ್ಞಾನಿಗಳು. ಪ್ರತಿ ಜನವರಿ 6ರಂದು ಸುತ್ತಲ ಹಳ್ಳಿಗಳ ಮೂವರು ಹುಡುಗರು ಕಿರೀಟ ಧರಿಸಿ, ಕುದುರೆಯೇರಿ ಆ ಗುಡ್ಡ ಹತ್ತುತ್ತಾರೆ. ಊರಿಗೆ ಊರೇ ಸೇರುವ ಹಬ್ಬ ಅದು. ಹಗಲಿನ ಹಬ್ಬ ನೋಡದವರ ಬಾಯಲ್ಲಿ ಅದು ರಾತ್ರಿಯ ಕಥೆಯಾಯಿತು.

ಪಣಜಿಯಲ್ಲಿ ಹಳೇ ಸೆಕ್ರೆಟೇರಿಯೇಟ್ ಪಕ್ಕ ಅಬ್ಬೆ ಫಾರಿಯಾ ಪ್ರತಿಮೆ ಇದೆ. ನಿಲುವಂಗಿ ತೊಟ್ಟವನೊಬ್ಬ ಕೈ ಚಾಚಿ ನಿಂತಿದ್ದಾನೆ, ಎದುರಿಗೆ ಹೆಂಗಸೊಬ್ಬಳು ಕುಸಿದು ಬೀಳುತ್ತಿದ್ದಾಳೆ. ಸಂಜೆಗತ್ತಲಲ್ಲಿ ಮೊದಲ ಸಲ ನೋಡಿದವರು ಮಾಟ ಮಾಡುವವನು ಅಂದುಕೊಳ್ಳುತ್ತಾರೆ. 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ 1819ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಆ ಪಾದ್ರಿ ಸಾರಿದ್ದು ನೇರ ವಿರುದ್ಧವಾದ ಮಾತು. ಸಂಮೋಹನದ ನಿದ್ದೆ ತರುವ ಶಕ್ತಿ ಮಾಡಿಸುವವನ ಕೈಯಿಂದ ಹರಿದುಬರುವುದಿಲ್ಲ, ಅದು ಒಳಗಾಗುವವರ ಮನಸ್ಸಿನಲ್ಲೇ ಇದೆ ಎಂದು ಅವರು ಆಗಲೇ ಹೇಳಿದ್ದರು. ಹಳೇ ಮನೆಯ ವಿಷಯದಲ್ಲಿ ಇದು ದಿನಾ ಉಪಯೋಗಕ್ಕೆ ಬರುತ್ತದೆ. ಕಥೆ ಕೇಳುವ ಮುಂಚೆ ಕೇಳಿದ ಸದ್ದು ಒಂದು ತರಹ, ಕಥೆ ಕೇಳಿದ ಮೇಲೆ ಕೇಳುವ ಸದ್ದು ಇನ್ನೊಂದು ತರಹ. ಅದಕ್ಕೇ, ಹೊಸ ಬಾಡಿಗೆದಾರರಿಗೆ, ಕಾವಲಿನವರಿಗೆ, ಮಕ್ಕಳಿಗೆ ಕಥೆ ಹೇಳುವ ಮೊದಲು ಅವರಿಗೆ ಏನು ಕೇಳಿಸಿತು ಎಂದು ಬರೆಸಿಕೊಳ್ಳಿ.

ಒಂದು ನೋಟ್‌ಬುಕ್ ಇಡಿ. ತಾರೀಖು, ಗಂಟೆ, ಯಾವ ಕೋಣೆಯಿಂದ, ಎಷ್ಟು ಹೊತ್ತು, ಮಳೆ ಇತ್ತೋ ಗಾಳಿ ಇತ್ತೋ, ಪಂಪು, ಫ್ರಿಜ್ಜು ಓಡುತ್ತಿತ್ತೋ, ಎಲ್ಲ ಬರೆಯಿರಿ. ಹದಿನಾಲ್ಕು ರಾತ್ರಿ ಬರೆದರೆ ಬಹಳಷ್ಟು ಸದ್ದುಗಳು ತಾವಾಗಿ ಜಾಗ ತೋರಿಸುತ್ತವೆ. ಬಿಸಿಲು ಕಾದ ದಿನಗಳಲ್ಲಿ ಮಾತ್ರ, ರಾತ್ರಿ ಒಂಬತ್ತರಿಂದ ಹನ್ನೆರಡರ ಒಳಗೆ ಟಕ್ ಟಕ್ ಅಂದರೆ ಅದು ತಣ್ಣಗಾಗುತ್ತಿರುವ ಸೂರು ಮತ್ತು ಹಲಗೆ. ಮರದ ಮೆಟ್ಟಿಲಲ್ಲೂ ಹೀಗೆಯೇ. ಹಗಲೆಲ್ಲ ತುಳಿದು ಬಾಗಿದ ಮೆಟ್ಟಿಲ ಹಲಗೆ ಮೊಳೆಯ ಬಿಗಿಗೆ ಸಿಕ್ಕಿಕೊಂಡು ಹಾಗೇ ನಿಂತಿರುತ್ತದೆ, ರಾತ್ರಿ ತಂಪಿಗೆ ಬಿಗಿ ಸಡಿಲಿದಾಗ ಹಿಂದಕ್ಕೆ ಬರುತ್ತದೆ. ಹಲವು ಮೆಟ್ಟಿಲು ಒಂದರ ಹಿಂದೆ ಒಂದು ಹೀಗೆ ಮಾಡಿದರೆ ಯಾರೋ ಹತ್ತಿ ಬಂದಂತೆಯೇ ಕೇಳಿಸುತ್ತದೆ. ಹೆಜ್ಜೆಗಳ ನಡುವೆ ಹೊತ್ತು ಸಮವಾಗಿದೆಯೇ ಎಂದು ಗಮನಿಸಿ. ಮನುಷ್ಯನ ನಡಿಗೆಗೆ ಒಂದು ಲಯ ಇರುತ್ತದೆ, ಮರಕ್ಕೆ ಇರುವುದಿಲ್ಲ. ಮರಕ್ಕೆ ಕಿವಿಯಿಟ್ಟಾಗ ಕರ್ ಕರ್ ಎಂದು ಬಿಡದೆ ಕಡಿಯುವ ಸದ್ದು ಬಂದರೆ ಮರ ಕೊರೆಯುವ ಹುಳದ ಮರಿ ಒಳಗಿದೆ. ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದೆಯೇ ನೋಡಿ.

ನಸುಕಿನವರೆಗೂ ಧಡಧಡ ಓಡಾಟ, ನಡುನಡುವೆ ಏನೋ ಉರುಳಿದ ಸದ್ದು ಇದ್ದರೆ, ಸೂರಿನ ಕೆಳಗಿನ ಅಟ್ಟದ ಮೇಲೆ ರಂಗೋಲಿ ಪುಡಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ. ಬೆಳಿಗ್ಗೆ ಹೆಜ್ಜೆ ಮೂಡಿರುತ್ತದೆ. ನಾಲ್ಕು ಬೆರಳಿದ್ದರೆ ಸಾಮಾನ್ಯ ಬೆಕ್ಕು. ಐದು ಬೆರಳು ಕಂಡರೆ ಬಹುತೇಕ ಪುನುಗು ಬೆಕ್ಕು. ಅದರ ಹಿಕ್ಕೆಯಲ್ಲಿ ಹಣ್ಣಿನ ಬೀಜಗಳು ಹಾಗೇ ಇರುತ್ತವೆ. ಯಾರೂ ಇಲ್ಲದ ಅಡುಗೆಮನೆಯಲ್ಲಿ ನಡುರಾತ್ರಿ ಅನ್ನ ಬೇಯುವ ವಾಸನೆ ಬಂತು, ಸತ್ತ ಅಜ್ಜಿ ಅಡುಗೆ ಮಾಡುತ್ತಾಳೆ ಎಂದು ಹೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಪುನುಗು ಬೆಕ್ಕು ಬಿಡುವ ಗಂಧ ಎಷ್ಟೋ ಜನರ ಮೂಗಿಗೆ ಸಣ್ಣಕ್ಕಿ ಅನ್ನದ ಹಾಗೆಯೇ ಬರುತ್ತದೆ. ಇನ್ನು ಗಂಟಲು ಹರಿದಂಥ ಕಿರುಚಾಟ, ಅದಾದ ಮೇಲೆ ಗೊರಕೆ ಎಳೆದಂತೆ ಬುಸುಗುಡುವ ಸದ್ದು ಕಣಜ ಗೂಬೆಯದು ಮತ್ತು ಅದರ ಮರಿಗಳದು. ಬಿಳಿ ಮುಖ, ರೆಕ್ಕೆ ಬಡಿದರೂ ಸದ್ದಿಲ್ಲ. ಟಾರ್ಚ್ ಬೆಳಕಿನಲ್ಲಿ ಒಂದು ಕ್ಷಣ ಕಂಡವರು ಬಿಳಿ ಸೀರೆಯ ಹೆಂಗಸು ಎಂದರೆ ಅವರನ್ನು ದೂರುವಂತಿಲ್ಲ.

ಈ ಪ್ರಾಣಿಗಳನ್ನು ಹಿಡಿಯುವುದು, ವಿಷ ಇಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅವು ಬರುವ ಸಂದಿ ಹುಡುಕಿ, ಹಳೇ ದಿನಪತ್ರಿಕೆ ಉಂಡೆ ಮಾಡಿ ಅದಕ್ಕೆ ಸಡಿಲವಾಗಿ ತುರುಕಿ. ಮೂರು ರಾತ್ರಿ ಕಾಗದ ಅಲುಗದಿದ್ದರೆ ಒಳಗೆ ಯಾರೂ ಇಲ್ಲ, ಆಗ ಅರ್ಧ ಅಂಗುಲದ ತಂತಿ ಜಾಲರಿ ಬಡಿಯಿರಿ. ಮರಿಗಳಿದ್ದರೆ ಅವು ದೊಡ್ಡವಾಗಿ ಹೋಗುವ ತನಕ ಕಾಯಿರಿ. ತಾಯಿಯನ್ನು ಹೊರಗಿಟ್ಟು ಸಂದಿ ಮುಚ್ಚಿದರೆ ಮರಿಗಳು ಒಳಗೆ ಸತ್ತು ಕೊಳೆಯುತ್ತವೆ, ಆ ವಾಸನೆಗೆ ಮತ್ತೊಂದು ಕಥೆ ಹುಟ್ಟುತ್ತದೆ.

ಫೆಬ್ರವರಿ, ಮಾರ್ಚಿನಲ್ಲಿ ಕಿಟಕಿ ಹಲ್ಲು ಕಡಿದಂತೆ ಕಟಕಟ ಅಂದರೆ ಕಾರೆಪಾ, ಅಂದರೆ ಕಿಟಕಿಗೆ ಕೂರಿಸಿದ ಚಿಪ್ಪಿನ ಬಿಲ್ಲೆ ನೋಡಿ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಸಿಂಪಿಯ ತೆಳು ಚಿಪ್ಪನ್ನು ಅಂಗೈಯಗಲ ಕತ್ತರಿಸಿ ಮರದ ಪಟ್ಟಿಗಳಲ್ಲಿ ಕೊರೆದ ಸಂದಿಗೆ ಸೇರಿಸುತ್ತಿದ್ದರು. ಅಂಟು ಇಲ್ಲ. ಒಣಹವೆಗೆ ಮರ ಕುಗ್ಗಿದರೆ ಚಿಪ್ಪು ಸಡಿಲವಾಗಿ ಕಡಲಗಾಳಿಗೆ ಅಲುಗುತ್ತದೆ. ಬಿದಿರಿನ ಸಣ್ಣ ಸೀಳು ಸೇರಿಸಿದರೆ ನಿಲ್ಲುತ್ತದೆ. ಸಿಲಿಕೋನ್ ಹಾಕಿ ಕೂರಿಸಬೇಡಿ. ಜೂನ್‌ನಲ್ಲಿ ಮರ ಉಬ್ಬಿದಾಗ ಚಿಪ್ಪಿಗೆ ಸರಿಯಲು ಜಾಗವಿಲ್ಲದೆ ಸೀಳುತ್ತದೆ.

ಗೋಡೆಯಿಂದ ರಕ್ತ ಇಳಿಯಿತು ಎಂಬ ದೂರು ಜೂನ್ ಕೊನೆಯಲ್ಲಿ ಬರುತ್ತದೆ. ಚಿರೆಕಲ್ಲಿನ ಕೆಂಪೆಲ್ಲ ಕಬ್ಬಿಣದ ಆಕ್ಸೈಡ್. ನಮ್ಮ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಬುಕಾನನ್ ಕೇರಳದ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಇಟ್ಟಿಗೆಯಂತೆ ಕೊಯ್ಯುವುದು ನೋಡಿ, 1807ರಲ್ಲಿ ಇಟ್ಟಿಗೆಯ ಲ್ಯಾಟಿನ್ ಪದದಿಂದಲೇ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೀರು ಈ ಕಲ್ಲಿನೊಳಗೆ ಹರಿದು ಬಿಳಿ ಸುಣ್ಣದ ಮೇಲೆ ಇಳಿದರೆ ಬಣ್ಣ ಥೇಟ್ ಒಣಗಿದ ರಕ್ತದ್ದು. ಆ ಜಾಗ ಕೈಗೆ ತಣ್ಣಗೂ ಇರುತ್ತದೆ, ಏಕೆಂದರೆ ಒದ್ದೆ ಗೋಡೆಯಿಂದ ನೀರು ಆವಿಯಾಗುವಾಗ ಮಣ್ಣಿನ ಹೂಜಿಯ ಹಾಗೆ ಗೋಡೆಯನ್ನು ತಂಪು ಮಾಡುತ್ತದೆ. ತಣ್ಣನೆಯ ಮೂಲೆ ಆತ್ಮದ ಗುರುತು ಎನ್ನುವವರು ಅಲ್ಲಿ ಒಂದು ಸಲ ಅಂಗೈ ಒತ್ತಿ ನೋಡಲಿ.

ಇಲ್ಲಿ ಬೀಗಕ್ಕೆ ಸಮನಾದ ಇನ್ನೊಂದು ಮುಚ್ಚುವಿಕೆ ನಡೆಯುತ್ತದೆ. ಕಲೆ ಕಂಡ ಕೂಡಲೇ ಸಿಮೆಂಟ್ ಗಿಲಾವು ಹೊಡೆಸಿ, ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿಸುತ್ತಾರೆ. ನೀರು ಹೊರಬರಲು ದಾರಿ ಇಲ್ಲದೆ ಮೇಲಕ್ಕೆ ಹತ್ತುತ್ತದೆ. ಹೋದ ವರ್ಷ ಮೊಣಕಾಲೆತ್ತರ ಇದ್ದ ಕಲೆ ಈ ವರ್ಷ ಎದೆಯೆತ್ತರ ಬಂದಿರುತ್ತದೆ. ಮೊದಲು ನೀರಿನ ಮೂಲ ಹುಡುಕಿ. ಹೊರಗೆ ಗೋಡೆಗೆ ತಾಗಿಸಿ ಪೇವರ್ ಹಾಸಿದ್ದಾರೆಯೇ, ಅಂಗಳದ ಮಣ್ಣು ಒಳನೆಲಕ್ಕಿಂತ ಮೇಲೆ ಬಂದಿದೆಯೇ, ಸೂರಿನ ನೀರು ಬುಡಕ್ಕೇ ಬೀಳುತ್ತಿದೆಯೇ ನೋಡಿ. ಅದನ್ನು ಸರಿಪಡಿಸಿದ ಮೇಲೆ, ಕಲೆಯ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿಸಿ, ಗೋಡೆಯನ್ನು ಒಂದು ಇಡೀ ಬೇಸಿಗೆ ಬೆತ್ತಲೆ ಬಿಡಿ. ದಪ್ಪ ಗೋಡೆ ತಿಂಗಳಿಗೆ ಒಂದು ಅಂಗುಲದಷ್ಟು ಒಣಗುತ್ತದೆ ಎಂಬುದು ಕೆಲಸಗಾರರ ಲೆಕ್ಕ, ಅದಕ್ಕಿಂತ ಹೆಚ್ಚು ಅವಸರ ಮಾಡಿದರೆ ಹಣ ದಂಡ. ಆಮೇಲೆ ಒಂದು ಪಾಲು ನೆನೆಸಿದ ಸುಣ್ಣ, ಮೂರು ಪಾಲು ಮರಳಿನ ಗಿಲಾವು, ಒಂದು ಸಲಕ್ಕೆ ಅರ್ಧ ಅಂಗುಲಕ್ಕಿಂತ ದಪ್ಪ ಬೇಡ. ಬಿಸಿಲಿಗೆ ಗೋಣಿತಟ್ಟು ಮರೆ ಮಾಡಿ ಎರಡು ವಾರ ತೇವ ಇಡಿ. ಮೇಲೆ ನೀರಾದ ಸುಣ್ಣ ನಾಲ್ಕೈದು ಕೈ. ಪಣಜಿಯ ಫೌಂಟೇನ್ಹಾಸ್‌ನಂಥ ಸಂರಕ್ಷಿತ ವಲಯದಲ್ಲಿ ಹೊರಗೋಡೆ ಮುಟ್ಟುವ ಮೊದಲು ಅನುಮತಿ ಬೇಕು.

ಎರಡು ಸೂಚನೆಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದು ಕಾಯಬಾರದು. ಒಂದು, ಗೋಡೆ ಮುಟ್ಟಿದರೆ ಝುಂ ಅನ್ನುವುದು. ಮರದ ಪಟ್ಟಿಯ ಮೇಲೆ ಎಳೆದ ರಬ್ಬರು, ಬಟ್ಟೆ ಸುತ್ತಿದ ಹಳೇ ವೈರಿನ ಕರೆಂಟು ಒದ್ದೆ ಗೋಡೆಗೆ ಇಳಿದಿರುತ್ತದೆ. ಮೇನ್ ಆಫ್ ಮಾಡಿ, ಆ ದಿನವೇ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಅರ್ಥಿಂಗ್ ನೋಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್ಚು) ಹಾಕಿಸಿ. ಎರಡು, ಒಂದು ಕೋಣೆಗೆ ಅಥವಾ ಬಚ್ಚಲಿಗೆ ಹೋದವರಿಗೆಲ್ಲ ತಲೆಸಿಡಿತ, ಓಕರಿಕೆ, ಎದೆ ಹಿಡಿದಂತಾಗುವುದು. ಕಿಟಕಿ ಜಡಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ, ಹೊರಗೆ ಗೋಡೆಗಂಟಿ ಜನರೇಟರ್ ಇದ್ದರೆ ಅದು ಕಾರ್ಬನ್ ಮಾನಾಕ್ಸೈಡ್ ಆಗಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಎಲ್ಲರೂ ಹೊರಗೆ ಬಂದು, ಆಸ್ಪತ್ರೆಗೆ ಹೋಗಿ ಇದೇ ಮಾತು ಹೇಳಿ. ಎಚ್ಚರವಾಗುವ ಹೊತ್ತಿನಲ್ಲಿ ಎದೆಯ ಮೇಲೆ ಯಾರೋ ಕೂತಂತೆ, ಕೈಕಾಲು ಆಡದಂತೆ ಆಗುವುದು ನಿದ್ದೆಗೆ ಸಂಬಂಧಿಸಿದ್ದು, ಅದನ್ನು ವೈದ್ಯರೇ ನೋಡಬೇಕು.

ಕೆಲಸಕ್ಕೆ ಬಂದ ಹುಡುಗರು ಇಂಥ ಮನೆಯಲ್ಲಿ ರಾತ್ರಿ ಮಲಗಲ್ಲ ಅಂದರೆ ಗದರಬೇಡಿ. ಕೂಲಿಗಾಗಿ ಊರು ಬಿಟ್ಟು ಬಂದವರು, ಕತ್ತಲಾದ ಮೇಲೆ ಪರವೂರಿನ ಖಾಲಿ ಮನೆಯಲ್ಲಿ ಇರಬೇಕಾದವರು ಅವರು. ಮೊದಲ ದಿನ ಒಂದು ಕಾಯಿ ಒಡೆದು ದೀಪ ಹಚ್ಚಲಿ. ಮಹಡಿಯ ಕೊಳೆತ ಜಂತಿಯ ಕೆಳಗೆ ಮಲಗಿಸದೆ, ಎರಡು ಬಾಗಿಲಿರುವ ಕೆಳಕೋಣೆ ಕೊಡಿ. ರಾತ್ರಿಯಿಡೀ ಒಂದು ಬಲ್ಬು ಉರಿಯಲಿ. ಸ್ಥಳೀಯರು ದೇವಚಾರನ ಹೆಸರಲ್ಲಿ ರೊಟ್ಟಿ, ಸಾರಾಯಿ, ಬೀಡಿ ಇಡುವುದನ್ನು ನೋಡಿದರೆ ದೆವ್ವಕ್ಕೆ ಎಡೆ ಇಟ್ಟರು ಎಂದು ಗಾಬರಿಯಾಗಬೇಡಿ. ಹಿಂದೂ ಗೋವನ್ನರಿಗೆ ಆತ ಊರ ಗಡಿ ಕಾಯುವವನು, ಕೈಯಲ್ಲಿ ಕೋಲು, ಹೆಗಲಿಗೆ ಕಂಬಳಿ. ಕ್ರೈಸ್ತರ ಕೊಂಕಣಿಯಲ್ಲಿ ಅದೇ ಪದ ಸೈತಾನನಿಗೆ ಬಳಕೆಯಾಗುತ್ತದೆ. ಯಾರ ಬಾಯಲ್ಲಿ ಕೇಳಿದಿರಿ ಎಂಬುದರ ಮೇಲೆ ಅರ್ಥವೇ ತಿರುಗುತ್ತದೆ. ಮನೆಯ ಒರಾತೋರಿಯೋದಲ್ಲಿ, ಅಂದರೆ ಕ್ರೈಸ್ತರ ದೇವರ ಗೂಡಿನಲ್ಲಿ, ಸಂತರ ಮೂರ್ತಿ ಉಳಿದಿದ್ದರೆ ಮೂಲೆಗೆ ತಳ್ಳದೆ, ಹಳೇ ಮನೆಯವರಿಗೋ ಊರ ಇಗರ್ಜಿಗೋ ಗೌರವದಿಂದ ಒಪ್ಪಿಸಿ.

ರಾತ್ರಿ ಕ್ಯಾಮೆರಾ ಹಿಡಿದು ಪಾಳುಮನೆಗೆ ನುಗ್ಗುವ ಹುಡುಗರಿಗೆ ಒಂದೇ ಮಾತು. ಅದು ಯಾರದೋ ಆಸ್ತಿ, ಮತ್ತು ಮೇಲೆ ಹೇಳಿದ ಜಂತಿಗಳು ಅಲ್ಲಿವೆ.

ವರ್ಷಗಟ್ಟಲೆ ಬೀಗ ಬಿದ್ದ ಕೋಣೆಯನ್ನು ತೆರೆಯುವುದಾದರೆ ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ, ಇಬ್ಬರು ಸೇರಿ ಹೋಗಿ. ಎನ್-95 ಮಾಸ್ಕ್, ಕೈಗವಸು, ಗಟ್ಟಿ ಬೂಟು ಇರಲಿ. ಮೊದಲು ಕೆಳಕೋಣೆಯಿಂದ ಜಂತಿಗಳ ತುದಿ ಬಡಿದು ನೋಡಿ, ಅನುಮಾನ ಬಂದರೆ ಜ್ಯಾಕ್ ಕೊಟ್ಟು ಆಮೇಲೆ ಹತ್ತಿ. ಬಾಗಿಲು ತೆರೆದು ಅರ್ಧ ಗಂಟೆ ಹೊರಗೇ ನಿಲ್ಲಿ. ಒಳಗೆ ಹೋಗುವಾಗ ಹಲಗೆಯ ಮೇಲೆ ಮೊಳೆಯ ಸಾಲು ಕಾಣುತ್ತದೆ, ಜಂತಿ ಇರುವುದು ಆ ಸಾಲಿನ ಕೆಳಗೆ. ಒಂದು ಉದ್ದನೆಯ ಹಲಗೆಯನ್ನು ಎರಡು ಮೂರು ಸಾಲಿಗೆ ಅಡ್ಡವಾಗಿ ಹಾಸಿ ಅದರ ಮೇಲೆ ನಡೆಯಿರಿ. ಮೂಲೆಗಳಿಗೆ ಟಾರ್ಚ್ ಬಿಟ್ಟು ಹಾವು, ಕಣಜದ ಗೂಡು ನೋಡಿಕೊಳ್ಳಿ. ಬೂಷ್ಟನ್ನು ಒಣಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕಿಟಕಿ ಉಬ್ಬಿ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಬಡಿದರೆ ಮೊದಲು ಹೋಗುವುದು ಕಾರೆಪಾ. ಬಾಗಿಲು ತೆರೆದೇ ಇರಲಿ, ಎದುರಿಗೆ ಒಂದು ಫ್ಯಾನ್ ಇಟ್ಟು ಹಗಲೆಲ್ಲ ಓಡಿಸಿ. ಮೂಡಗಾಳಿ ಶುರುವಾಗಿ ಮೂರು ನಾಲ್ಕು ವಾರಕ್ಕೆ ಚೌಕಟ್ಟು ಒಣಗಿ ಕಿಟಕಿ ಬೆರಳಿನ ಒತ್ತಿಗೆ ಬಿಡುತ್ತದೆ.